ದನಿಗೆ ಮುಸುಕಿಲ್ಲ

ಪುಣೆಯ ಸುತ್ತಮುತ್ತಲ ಹೆದ್ದಾರಿಗಳಲ್ಲಿ ಒಮ್ಮೊಮ್ಮೆ ವಿಚಿತ್ರ ಕಾರೊಂದು ಎದುರಾಗುತ್ತದೆ. ಮೈತುಂಬ ಕಪ್ಪು-ಬಿಳುಪು ಸುರುಳಿಗಳ ಸ್ಟಿಕ್ಕರ್, ಲಾಂಛನ ಇರಬೇಕಾದಲ್ಲಿ ಟೇಪು, ಕೆಂಪು ಪ್ಲೇಟಿನ ಮೇಲೆ ಬಿಳಿ ಅಕ್ಷರದ ನಂಬರು, ಹಿಂದಕ್ಕೆ ಬಿಗಿದ ಒಂದು ಪೆಟ್ಟಿಗೆ. ಮಾರುಕಟ್ಟೆಗೆ ಬಾರದ ಮಾದರಿಯನ್ನು ಪರೀಕ್ಷೆಗೆ ರಸ್ತೆಗಿಳಿಸುವಾಗ ಹಾಕುವ ವೇಷ ಇದು. ಅದರ ಫೋಟೊ ಹಿಡಿದು, ಒಳಗೆ ಯಾವ ಎಂಜಿನ್ ಇದ್ದೀತೆಂದು ಲೆಕ್ಕ ಹಾಕುವುದು ಯುರೋಪು, ಅಮೆರಿಕಗಳಲ್ಲಿ ದಶಕಗಳಿಂದ ನಡೆದುಬಂದ ಕಸುಬು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕೂಟವೆಂದು ಇದನ್ನು ತಳ್ಳಿಹಾಕುವವರೇ ಹೆಚ್ಚು. ಆದರೆ ‘ಅನುಮಾನ’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಆಡುಮಾತಿನಲ್ಲಿ ಅದು ಸಂಶಯ. ತರ್ಕಶಾಸ್ತ್ರದಲ್ಲಿ ಅದೊಂದು ಪ್ರಮಾಣ, ಬೆಟ್ಟದ ಮೇಲೆ ಹೊಗೆ ಕಂಡು, ಅದನ್ನೇ ಹೇತುವಾಗಿ ಹಿಡಿದು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವ ದಾರಿ. ಈ ಕಸುಬಿನ ಬೆಲೆಯನ್ನು ಎರಡನೆಯ ಅರ್ಥದಲ್ಲೇ ಕಟ್ಟಬೇಕೆಂಬುದು ನನ್ನ ವಾದ.

ಜರ್ಮನಿಯಲ್ಲಿ ಇಂಥ ಕಾರಿಗೆ ‘ಎರ್ಲ್‌ಕ್ಯೋನಿಗ್’ ಎಂದೇ ಹೆಸರು. ಗಯಟೆ 1782ರಲ್ಲಿ ಬರೆದ ಕಥನಕವನದ ಶೀರ್ಷಿಕೆ ಅದು. 1952ರಲ್ಲಿ ‘ಆಟೊ ಮೋಟರ್ ಉಂಡ್ ಸ್ಪೋರ್ಟ್’ ಪತ್ರಿಕೆ ಇನ್ನೂ ಬಿಡುಗಡೆಯಾಗದ ಮರ್ಸಿಡಿಸ್ ಒಂದರ ಚಿತ್ರವನ್ನು ಆ ಕವನದ ಅಣಕದೊಂದಿಗೆ ಅಚ್ಚುಹಾಕಿತು, ಹೆಸರು ಅಂಟಿಕೊಂಡುಬಿಟ್ಟಿತು. ಮೂಲ ಕವನದಲ್ಲಿ ಮಗ ಕಂಡದ್ದನ್ನೆಲ್ಲ ಅಪ್ಪ ಬರೀ ಮಂಜೆಂದು, ಗಾಳಿಯೆಂದು ಸಮಾಧಾನ ಹೇಳುತ್ತಾನೆ. ಕಂಪನಿಗಳ ವಕ್ತಾರರು ಇವತ್ತಿಗೂ ಆ ಅಪ್ಪನ ಪಾತ್ರವನ್ನೇ ವಹಿಸುತ್ತಾರೆ. ಚಳಿಗಾಲಕ್ಕೆ ಸ್ವೀಡನ್ನಿನ ಆರ್ಯೆಪ್ಲೂಗ್‌ನ ಹೆಪ್ಪುಗಟ್ಟಿದ ಸರೋವರಗಳು, ಸೆಕೆಗೆ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ, ವೇಗಕ್ಕೆ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ 20.8 ಕಿ.ಮೀ. ಹಾದಿ: ಕ್ಯಾಮೆರಾ ಹಿಡಿದವರು ಕಾದು ಕೂರುವುದು ಇಲ್ಲೆಲ್ಲ.

ಮೈಯ ಗೆರೆಗಳನ್ನು ಸ್ಟಿಕ್ಕರ್ ಮರೆಸೀತು. ಎಂಜಿನ್ ಹಾಗಲ್ಲ. ಅದು ಗಾಳಿ ಎಳೆದುಕೊಳ್ಳಬೇಕು, ಬಿಸಿ ಕಳೆಯಬೇಕು, ಹೊಗೆ ಬಿಡಬೇಕು. ಆದ್ದರಿಂದ ಮುಂಭಾಗದ ಗಾಳಿಕಿಂಡಿಗಳನ್ನು ಪೂರ್ತಿ ಮುಚ್ಚುವಂತಿಲ್ಲ. ಟರ್ಬೊ ಇದ್ದರೆ ಅದರ ಇಂಟರ್‌ಕೂಲರ್ ಅಲ್ಲೇ ಇಣುಕುವುದುಂಟು. ಕಾನೂನು ಕೂಡ ಗುಟ್ಟು ಬಿಟ್ಟುಕೊಡುತ್ತದೆ. ಹಿಂದೆ ಬಿಗಿದ ಪೆಟ್ಟಿಗೆ ಓಡುವ ಕಾರಿನ ಹೊಗೆ ಅಳೆಯುವ ಯಂತ್ರ. ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದ ಎರಡನೇ ಹಂತ 2023ರ ಏಪ್ರಿಲ್‌ನಲ್ಲಿ ಜಾರಿಯಾದ ಮೇಲೆ ನಿಜರಸ್ತೆಯ ಈ ಅಳತೆ ತಪ್ಪುವಂತಿಲ್ಲ. ಪೆಟ್ಟಿಗೆ ಕಂಡರೆ ಒಳಗೆ ಇಂಧನ ಉರಿಸುವ ಎಂಜಿನ್ ಇದೆಯೆಂದೇ ಅರ್ಥ. ನಮ್ಮಲ್ಲಿ ಉದ್ದ ಅಳೆದರೂ ಸುಳಿವು ಸಿಕ್ಕೀತು: ನಾಲ್ಕು ಮೀಟರ್ ಒಳಗಿನ ಕಾರಿಗೆ ಕಡಿಮೆ ತೆರಿಗೆ ಬೇಕೆಂದರೆ ಪೆಟ್ರೋಲ್ ಎಂಜಿನ್ 1,200 ಸಿ.ಸಿ., ಡೀಸೆಲ್ 1,500 ಸಿ.ಸಿ. ಮೀರಬಾರದು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಸದ್ದು. ಫೋರ್‌ಸ್ಟ್ರೋಕ್ ಎಂಜಿನ್ನಿನ ಒಂದೊಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ನಿಮಿಷಕ್ಕೆ 6,000 ಸುತ್ತಿನಲ್ಲಿ ಮೂರು ಸಿಲಿಂಡರಿನದು ಸೆಕೆಂಡಿಗೆ 150 ಸಿಡಿತ, ನಾಲ್ಕರದು 200, ಎಂಟರದು 400. ಸುತ್ತು ಎಷ್ಟೆಂದು ಗೊತ್ತಿಲ್ಲದೆ ಈ ಲೆಕ್ಕ ಅರೆಬರೆ, ನಿಜ. ಆದರೆ ಸಿಡಿತಗಳ ಲಯವಿದೆಯಲ್ಲ, ಅದು ಸುತ್ತನ್ನು ನೆಚ್ಚಿಲ್ಲ.

ಶೆವ್ರೊಲೆ ಕಾರ್ವೆಟ್ ಜ಼ಡ್06 ಬಯಲಾದದ್ದು ಈ ಲಯದಿಂದ. ಎರಡು ಸಾಲಿನಲ್ಲಿ ಎಂಟು ಸಿಲಿಂಡರ್ ಇರುವ ಅಮೆರಿಕದ ರೂಢಿಯ ವಿ8ರಲ್ಲಿ ಕ್ರ್ಯಾಂಕ್‌ಶಾಫ್ಟಿನ ತಿರುವುಗಳು 90 ಡಿಗ್ರಿ ಅಂತರದಲ್ಲಿರುತ್ತವೆ. ಹಾಗಾಗಿ ಒಂದೇ ಸಾಲಿನ ಎರಡು ಸಿಲಿಂಡರ್ ಬೆನ್ನಿಗೆ ಬೆನ್ನು ಸಿಡಿದು ಸದ್ದು ಗುಡುಗುಡು ಎಂದು ಎಡವುತ್ತದೆ. ಫೆರಾರಿ ಬಳಸುವ ‘ಫ್ಲ್ಯಾಟ್ ಪ್ಲೇನ್’ ಬಗೆಯಲ್ಲಿ ಅಂತರ 180 ಡಿಗ್ರಿ. ಎಡ ಬಲ ಸಾಲುಗಳು ತಪ್ಪದೆ ಸರದಿಯಂತೆ ಸಿಡಿಯುತ್ತವೆ, ಸದ್ದು ಸಮನಾಗಿ ಏರುತ್ತ ಕೀರಲಾಗುತ್ತದೆ. ಹಿಂದಿನ ಜ಼ಡ್06ರಲ್ಲಿದ್ದದ್ದು 6.2 ಲೀಟರಿನ ಸೂಪರ್‌ಚಾರ್ಜ್ಡ್ ಎಂಜಿನ್. ಮುಸುಕಿನ ಹೊಸ ಕಾರು ಮಾತ್ರ ಇಟಲಿಯ ದನಿಯಲ್ಲಿ ಕೂಗುತ್ತಿತ್ತು. 2020ರಲ್ಲಿ ಡೇಟೋನಾದಲ್ಲಿ ಓಡಿದ ಕಾರ್ವೆಟ್ ರೇಸ್ ಕಾರಿನ 5.5 ಲೀಟರ್ ಎಂಜಿನ್ ಕೂಡ ಫ್ಲ್ಯಾಟ್ ಪ್ಲೇನ್. ಕೇಳಿದವರು ಎರಡನ್ನೂ ತಾಳೆಹಾಕಿದರು. 2021ರ ಅಕ್ಟೋಬರ್‌ನಲ್ಲಿ ಪರದೆ ಸರಿದಾಗ ಇದ್ದದ್ದು ಅದೇ: 5.5 ಲೀಟರ್, ಫ್ಲ್ಯಾಟ್ ಪ್ಲೇನ್, 670 ಅಶ್ವಶಕ್ತಿ, 8,600 ಆರ್‌ಪಿಎಂ.

ತಕರಾರುಗಳಿಲ್ಲ ಎಂದಲ್ಲ. ಕಂಪನಿಗಳೇ ಬೇಕೆಂದು ತೋರಿಸುತ್ತವೆ ಎಂಬುದು ಮೊದಲನೆಯದು. ಒಪ್ಪೋಣ, 2019ರ ಏಪ್ರಿಲ್‌ನಲ್ಲಿ ಶೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್‌ನ ಮುಖ್ಯಸ್ಥೆ ಮೇರಿ ಬಾರ್ರಾ ಮುಸುಕಿನ ಕಾರ್ವೆಟ್‌ನಲ್ಲಿ ಕುಳಿತು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ಗೇ ಬಂದರು. ಆದರೆ ತೋರಿಸುವವನ ಉದ್ದೇಶ ಯಾವುದಾದರೇನು, ಸಾಕ್ಷಿಯ ತೂಕ ಅದರಿಂದ ಇಳಿಯುವುದಿಲ್ಲ. ಇದು ಕಳ್ಳತನ ಎಂಬ ದೂರಿಗೆ, ಸಾರ್ವಜನಿಕ ರಸ್ತೆಯಲ್ಲಿ ಓಡುವುದನ್ನು ಕಂಡರೆ ಕಳವಲ್ಲ ಎಂದಷ್ಟೇ ಉತ್ತರ. ಮೂರನೆಯದು ಗಟ್ಟಿ: ಊಹೆ ತಪ್ಪುತ್ತದಲ್ಲ? ತಪ್ಪುತ್ತದೆ. ಎಂಜಿನ್ನನ್ನು ಚಾಲಕನ ಬೆನ್ನ ಹಿಂದಿಟ್ಟ ಕಾರ್ವೆಟ್‌ನ ಮೊದಲ ಪರೀಕ್ಷಾ ಗಾಡಿಗೆ 2014ರಲ್ಲಿ ಆಸ್ಟ್ರೇಲಿಯಾದ ಹೋಲ್ಡನ್ ಪಿಕಪ್‌ನ ಮೈ ತೊಡಿಸಿದ್ದರು. ಎಂಜಿನ್ ಎಲ್ಲಿದೆ ಎಂಬುದನ್ನು ಪತ್ರಿಕೆಗಳು ಸರಿಯಾಗಿ ಹೇಳಿದವು. 2017ರ ಮಾದರಿಯೆಂದು ಹೇಳಿ ಎಡವಿದವು, ಕಾರು ಹೊರಬಂದದ್ದು 2019ರ ಜುಲೈಯಲ್ಲಿ. ಜಾಗಕ್ಕೆ ಕಣ್ಣೆದುರು ಹೇತುವಿತ್ತು, ಇಸವಿಗೆ ಇರಲಿಲ್ಲ.

ಹೇತುವನ್ನೇ ನಕಲು ಮಾಡಿದವರೂ ಇದ್ದಾರೆ. ಪೋರ್ಷೆ ತನ್ನ ಎಲೆಕ್ಟ್ರಿಕ್ ಕಾರು ಟೈಕಾನ್‌ನ ಪರೀಕ್ಷಾ ಗಾಡಿಗಳ ಹಿಂಬದಿಗೆ ಸುಳ್ಳು ಸೈಲೆನ್ಸರ್ ಕೊಳವೆಗಳನ್ನು ಅಂಟಿಸಿತ್ತು. ಆದರೆ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಬ್ಯಾಟರಿಯ ಪರೀಕ್ಷಾ ಗಾಡಿಗಳೆಲ್ಲ ಗಾಜಿಗೆ ದುಂಡನೆಯ ಹಳದಿ ಚೀಟಿ ಅಂಟಿಸಿಕೊಳ್ಳಬೇಕು. ಅಪಘಾತವಾದರೆ ನೆರವಿಗೆ ಬರುವವರಿಗೆ ವಿದ್ಯುತ್ತಿನ ಅಪಾಯ ತಿಳಿಯಲೆಂಬ ಏರ್ಪಾಡು. ಮತ್ತೆ ಆ ಕೊಳವೆಗಳಿಂದ ಹೊಗೆಯೂ ಬರಲಿಲ್ಲ, ಸದ್ದೂ ಬರಲಿಲ್ಲ.