ಊರು ಬಿಟ್ಟ ವಿದ್ಯಾರ್ಥಿಗೆ ಸೂರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹುಡುಗ ಮೆಟ್ರಿಕ್ ಮುಗಿಸಿ ಧಾರವಾಡಕ್ಕೋ ಬೆಳಗಾವಿಗೋ ಹೊರಟನೆಂದರೆ, ಮನೆಯಲ್ಲಿ ಮೊದಲು ಏಳುತ್ತಿದ್ದ ಪ್ರಶ್ನೆ ಒಂದೇ: ಎಲ್ಲಿ ಇರುತ್ತಾನೆ, ಏನು ಉಣ್ಣುತ್ತಾನೆ? ಇಂದು ಅದೇ ಮನೆಯ ಮೊಮ್ಮಗ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಹೊರಟಾಗಲೂ ಅಜ್ಜಿ ಕೇಳುವುದು ಅದನ್ನೇ.

ಹಿಂದೆ ದಾರಿಗಳು ಕೆಲವೇ ಇದ್ದವು. ಬೀಗರ ಮನೆ, ದಿನಕ್ಕೊಂದು ಮನೆಯಲ್ಲಿ ಉಣ್ಣುವ ವಾರಾನ್ನ, ನಾಲ್ಕು ಜನ ಕೂಡಿ ಹಿಡಿದ ಕೋಣೆ ಮತ್ತು ಖಾನಾವಳಿ. ಖಾನಾವಳಿಗೆ ದುಡ್ಡಿಲ್ಲದವನಿಗೆ ಊರಿನ ಬಸ್ಸಿನಲ್ಲಿ ರೊಟ್ಟಿಯ ಬುತ್ತಿ ಬರುತ್ತಿತ್ತು. ಇವೆಲ್ಲಕ್ಕಿಂತ ದೊಡ್ಡ ಆಸರೆಯಾದದ್ದು ಮಠಗಳ ಪ್ರಸಾದ ನಿಲಯ. ಬೈಲಹೊಂಗಲ ಸೀಮೆಯ ನಾಗನೂರಿನ ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1932ರಲ್ಲಿ ಬೆಳಗಾವಿಯಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ಅದಕ್ಕೂ ಮೊದಲೇ ಸವದತ್ತಿ ಬಳಿಯ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡಿದ್ದರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ಆ ಕಾಲದ ಎಷ್ಟೋ ಬೋರ್ಡಿಂಗುಗಳು ಆಯಾ ಜಾತಿಯ ಮಕ್ಕಳಿಗಾಗಿಯೇ ಹುಟ್ಟಿದವು. ತನ್ನವರ ಬೋರ್ಡಿಂಗ್ ಇಲ್ಲದವನಿಗೆ ಪೇಟೆಯಲ್ಲಿ ಕೋಣೆ ಸಿಗುವುದೂ ಕಷ್ಟವಿತ್ತು.

ಅಮೆರಿಕದಲ್ಲೂ ಹಾಗೆಯೇ ಇತ್ತು. 1909ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಹ್ಯಾರಿ ಎಡ್ಮಂಡ್ಸ್ ಎಂಬವರು ಎದುರಾದ ಚೀನೀ ವಿದ್ಯಾರ್ಥಿಗೆ ನಮಸ್ಕಾರ ಹೇಳಿದರು. ತಾನು ಬಂದು ಮೂರು ವಾರವಾಯಿತು, ಮಾತನಾಡಿಸಿದವರು ನೀವೇ ಮೊದಲಿಗರು ಎಂದು ಆ ಹುಡುಗ ಉತ್ತರಿಸಿದನಂತೆ. ಆ ಮಾತು ಎಡ್ಮಂಡ್ಸರನ್ನು ಕಾಡಿತು. ರಾಕ್‌ಫೆಲರ್ ಮನೆತನದ ಹಣದಿಂದ 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಟರ್‌ನ್ಯಾಷನಲ್ ಹೌಸ್ ಎದ್ದಿತು. 1930ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಇಂಥದೇ ಮನೆ ತೆರೆದಾಗ, ಬೇರೆ ಬೇರೆ ಬಣ್ಣದವರು ಒಂದೇ ಸೂರಿನಡಿ ಇರುವುದಕ್ಕೆ ಊರವರು ವಿರೋಧಿಸಿದ್ದರು. ಎರಡೂ ಮನೆಗಳು ಇಂದಿಗೂ ನಡೆಯುತ್ತಿವೆ.

ಈಗ ಅಲ್ಲಿಗೆ ಹೋಗುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ವಿಶ್ವವಿದ್ಯಾಲಯದ ಹಾಸ್ಟೆಲು. ಅಲ್ಲಿ ಮಂಚ, ಮೇಜು, ದೀಪ, ನೀರು ಎಲ್ಲವೂ ಶುಲ್ಕದಲ್ಲೇ ಸೇರಿರುತ್ತವೆ. ಊಟದ ಹಣವನ್ನು ಬಹಳ ಕಡೆ ಮೊದಲೇ ಕಟ್ಟಬೇಕು. ನಿಶ್ಚಿಂತೆಯಿದೆ, ಖರ್ಚು ಹೆಚ್ಚು. ರಜೆಯಲ್ಲಿ ಕೋಣೆ ಬಿಡಬೇಕಾಗಿ ಬರುವುದೂ ಉಂಟು. ಇನ್ನೊಂದು, ಹೊರಗೆ ಮೂರ್ನಾಲ್ಕು ಜನ ಕೂಡಿ ಹಿಡಿಯುವ ಅಪಾರ್ಟ್‌ಮೆಂಟು. ಸ್ವಂತ ಅಡುಗೆಯಿಂದ ಖರ್ಚು ಇಳಿಯುತ್ತದೆ. ನಮ್ಮವರಲ್ಲಿ ಹೆಚ್ಚಿನವರು ಹಿಡಿಯುವುದು ಇದೇ ದಾರಿ.

ಆದರೆ ಸಹಿ ಹಾಕುವ ಮುನ್ನ ಕರಾರನ್ನು ಓದಬೇಕು. ಸಾಮಾನ್ಯವಾಗಿ ಅದು 12 ತಿಂಗಳಿಗೆ ಇರುತ್ತದೆ. ಓದು ಒಂಬತ್ತು ತಿಂಗಳಿಗೆ ಮುಗಿದರೂ ಬಾಡಿಗೆ ನಿಲ್ಲದು. ಅನೇಕ ಕರಾರುಗಳಲ್ಲಿ ಕೂಡಿ ಸಹಿ ಹಾಕಿದ ಪ್ರತಿಯೊಬ್ಬನೂ ಪೂರ್ತಿ ಬಾಡಿಗೆಗೆ ಹೊಣೆ. ಒಬ್ಬ ಬಿಟ್ಟುಹೋದರೆ ಅವನ ಪಾಲು ಉಳಿದವರ ತಲೆಗೆ ಬರುತ್ತದೆ. ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನಲ್ಲಿ ದುಡಿಯಬಹುದಾದದ್ದು ವಾರಕ್ಕೆ 20 ಗಂಟೆ ಮಾತ್ರ. ಹೊಲ ಒತ್ತೆಯಿಟ್ಟು ಸಾಲ ಮಾಡಿದ ತಂದೆಗೆ ಈ ಲೆಕ್ಕ ಮೊದಲೇ ಗೊತ್ತಿರುವುದು ಒಳ್ಳೆಯದು.

ಇನ್ನೊಂದು ಲೆಕ್ಕ ಕಾಗದದ ಮೇಲೆ ಬರುವುದಿಲ್ಲ. ನಮ್ಮವರೇ ಕೂಡಿ ಇದ್ದರೆ ರೊಟ್ಟಿ, ಪಲ್ಯ, ಮಾತು ಎಲ್ಲವೂ ಸಿಗುತ್ತವೆ. ಬಂದ ದೇಶದ ಪರಿಚಯ ಮಾತ್ರ ಉಳಿದುಬಿಡುತ್ತದೆ. ಬೇರೆಯವರೊಡನೆ ಇದ್ದರೆ ಮೊದಲ ತಿಂಗಳು ಭಾರ, ಆಮೇಲೆ ಲೋಕ ದೊಡ್ಡದಾಗುತ್ತದೆ. ಯಾವುದನ್ನೇ ಆರಿಸಲಿ, ಪಕ್ಕದ ಕೋಣೆಗೆ ಹೊಸದಾಗಿ ಬಂದವನನ್ನು ಮೂರು ವಾರ ಕಾಯಿಸದೆ ಮಾತನಾಡಿಸಲಿ. ಬುತ್ತಿ ಬಿಚ್ಚಿದಾಗ ಪಕ್ಕದವನನ್ನು ಕರೆದು ಉಣ್ಣುವುದು ನಮ್ಮ ಸೀಮೆಗೆ ಹೊಸದಲ್ಲವಲ್ಲ.