ಸರ್ಪಸುತ್ತು ಬರೀ ಚರ್ಮದ ಕಾಯಿಲೆ ಅಲ್ಲ!

ಚಿಕ್ಕವರಿದ್ದಾಗ ನಿಮಗೆ ಚಿಕನ್‌ಪಾಕ್ಸ್ ಬಂದಿತ್ತಾ? ಗುಳ್ಳೆ ಒಣಗಿತು, ವೈರಸ್ ಹೋಗಲಿಲ್ಲ. ವೆರಿಸೆಲ್ಲಾ ಜೋಸ್ಟರ್ ಅನ್ನೋ ಈ ಹರ್ಪಿಸ್ ಜಾತಿಯ ವೈರಸ್ ನರಗಂಟುಗಳಲ್ಲಿ ದಶಕಗಟ್ಟಲೆ ಸುಮ್ಮನೆ ಮಲಗಿರುತ್ತೆ. ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ಎದ್ದರೆ, ಅದೇ ಸರ್ಪಸುತ್ತು.

ಹೆಚ್ಚಿನವರಿಗೆ ಇದು ಗುಳ್ಳೆ, ಉರಿ, ನೋವಲ್ಲೇ ಮುಗಿಯುತ್ತೆ. ಕೆಲವರಲ್ಲಿ ಮಾತ್ರ ವೈರಸ್ ನರದ ಎಳೆ ಹಿಡಿದು ಮಿದುಳಿನ ರಕ್ತನಾಳದ ಗೋಡೆಗೇ ಇಳಿಯುತ್ತೆ. ಉರಿಯೂತದಿಂದ ಗೋಡೆ ದಪ್ಪಗಾಗಿ, ರಕ್ತ ಹರಿಯೋ ದಾರಿ ಕಿರಿದಾಗುತ್ತೆ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಪಾರ್ಶ್ವವಾಯು. ಮೊದಲ ಕೆಲವು ವಾರ, ಅದರಲ್ಲೂ ಕಣ್ಣಿನ ಸುತ್ತ ಗುಳ್ಳೆ ಎದ್ದಿದ್ದರೆ, ಅಪಾಯ ಜಾಸ್ತಿ.

ಮನೇಲಿ ಅಜ್ಜಿಗೆ ಸರ್ಪಸುತ್ತಾದರೆ ಕೆಮ್ಮಣ್ಣು ಹಚ್ಚಿ ಕಾಯಬೇಡಿ. ವೈರಸ್ ತಡೆಯೋ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.