ಸ್ಕ್ಯಾನ್‌ನಲ್ಲಿ ಕಂಡದ್ದೆಲ್ಲ ಕಾಯಿಲೆಯಲ್ಲ
ಸೈನಸ್ ಸಿ.ಟಿ. ರಿಪೋರ್ಟ್‌ನಲ್ಲಿ ‘ಡಿಎನ್‌ಎಸ್’, ‘ಕೊಂಕಾ ಬುಲೋಸಾ’ ಅಂತ ಓದಿದ ಕೂಡಲೇ ಆಪರೇಷನ್ ಗ್ಯಾರಂಟಿ ಅಂದ್ಕೋತೀವಿ. ಸ್ವಲ್ಪ ತಡೀರಿ.

ಡಿಎನ್‌ಎಸ್ ಅಂದರೆ ಮೂಗಿನ ನಡುಗೋಡೆ ಒಂದು ಕಡೆ ವಾಲಿರುವುದು. ಕೊಂಕಾ ಬುಲೋಸಾ ಅಂದರೆ ಮೂಗಿನೊಳಗಿನ ಮೂಳೆಯ ಮಡಿಕೆಯೊಂದರಲ್ಲಿ ಗಾಳಿ ತುಂಬಿ ಅದು ಉಬ್ಬಿರುವುದು. ಎಷ್ಟೋ ಜನರಲ್ಲಿ ಇವೆರಡೂ ಜೊತೆಗೇ ಇರುತ್ತವೆ: ಗೋಡೆ ಎಡಕ್ಕೆ ವಾಲಿದ್ದರೆ ಉಬ್ಬು ಬಲಕ್ಕೆ. ಹಾಗಂತ ಉಬ್ಬೇ ಗೋಡೆಯನ್ನು ತಳ್ಳಿತು ಅನ್ನೋ ಹಾಗಿಲ್ಲ. ನಡುವೆ ಗಾಳಿಯಾಡುವ ಜಾಗ ಸಾಮಾನ್ಯವಾಗಿ ಉಳಿದೇ ಇರುತ್ತದೆ. ಇಂಜಿನಿಯರಿಂಗ್‌ನಲ್ಲಿ ನಾನು ಕಲಿತ ಪಾಠ ಇಲ್ಲಿಗೂ ಸಲ್ಲುತ್ತೆ: ಜೊತೆಗೆ ಕಂಡದ್ದೆಲ್ಲ ಕಾರಣವಲ್ಲ.

ಯಾವ ತೊಂದರೆಯೂ ಇಲ್ಲದವರ ಸ್ಕ್ಯಾನ್‌ನಲ್ಲೂ ಇವು ಸಿಗುತ್ತವೆ. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಡಾಕ್ಟರನ್ನು ಕೇಳಿ: ‘ನನಗಿರೋ ಕಷ್ಟಕ್ಕೂ ಈ ಚಿತ್ರಕ್ಕೂ ತಾಳೆ ಆಗುತ್ತಾ?’ ಕೇಳುವುದು ಉದ್ಧಟತನವಲ್ಲ, ರೋಗಿಯ ಹಕ್ಕು.